ಅಣ್ಣಾಸಾಹೇಬ ಕಿರ್ಲೋಸ್ಕರ: ಕನ್ನಡ-ಮರಾಠಿ ರಂಗಭೂಮಿಗಳ ಸಮಾನ ಪರಂಪರೆಯ ದೃಷ್ಟಿಯಿಂದ ಒಂದು ಜೀವನಚರಿತ್ರೆ

1. ಪೀಠಿಕೆ

ಉತ್ತರ ಕರ್ನಾಟಕದ ಆಧುನಿಕ ರಂಗಭೂಮಿಯ ಚರಿತ್ರೆಯನ್ನು ನಿರೂಪಿಸುವಾಗ ನಮ್ಮ ವಿದ್ವಾಂಸರು ಮರಾಠಿ ನಾಟಕವನ್ನು ಬಹುಮಟ್ಟಿಗೆ ಎದುರಾಳಿಯ ಸ್ಥಾನದಲ್ಲಿರಿಸಿ ನೋಡಿರುವುದು ವಿದಿತವೇ ಇದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮರಾಠಿ ಮಂಡಳಿಗಳು ಧಾರವಾಡ, ಹುಬ್ಬಳ್ಳಿ, ಗದಗ, ಬೆಳಗಾವಿಗಳ ಪ್ರೇಕ್ಷಕರನ್ನು ಸೆಳೆದುಕೊಂಡಿದ್ದವು. ಅದರಿಂದ ನೊಂದ ಶಾಂತಕವಿಗಳಂತಹ ಕನ್ನಡಾಭಿಮಾನಿಗಳು ಕನ್ನಡ ನಾಟಕ ಮಂಡಳಿಗಳನ್ನು ಕಟ್ಟಿದರು. ಹೀಗೆ ಕನ್ನಡ ವೃತ್ತಿ ರಂಗಭೂಮಿಯು ಪ್ರತಿಭಟನೆಯ ರೂಪದಲ್ಲಿ ಹುಟ್ಟಿತು ಎಂಬುದು ಈ ನಿರೂಪಣೆಯ ಸಾರ. ಇದರಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಎದುರಾಳಿಯೆಂದು ನಾವು ಗುರುತಿಸುವ ಆ ಮರಾಠಿ ಸಂಗೀತ ನಾಟಕದ ಪ್ರವರ್ತಕನು ಕನ್ನಡ ನಾಡಿನ ಹಳ್ಳಿಯೊಂದರಲ್ಲಿ ಹುಟ್ಟಿ, ಅದೇ ಹಳ್ಳಿಯಲ್ಲಿ ತೀರಿಕೊಂಡವನು ಎಂಬ ಸಂಗತಿಗೆ ಈ ನಿರೂಪಣೆಯಲ್ಲಿ ಸಿಕ್ಕಿರುವ ಎಡೆ ಅಲ್ಪ. ಮರಾಠಿ ನಾಟಕದ ಚರಿತ್ರೆಯಲ್ಲಿಯೂ ಅವರ ಜನ್ಮಸ್ಥಳವು ಮೊದಲ ವಾಕ್ಯದಲ್ಲಿ ಬಂದು ಹೋಗುವ ಒಂದು ಹೆಸರಷ್ಟೇ ಆಗಿ ಉಳಿಯುತ್ತದೆ.

ಬಲವಂತ ಪಾಂಡುರಂಗ ಕಿರ್ಲೋಸ್ಕರ, ಎಂದರೆ ಅಣ್ಣಾಸಾಹೇಬ ಕಿರ್ಲೋಸ್ಕರರ (1843-1885) ಬದುಕನ್ನು ಈ ದೃಷ್ಟಿಯಿಂದ ಪುನರವಲೋಕಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅವರನ್ನು ಕನ್ನಡದವರೆಂದು ಸಾಧಿಸಿ ತೋರಿಸುವ ಹವಣಿಕೆ ಇಲ್ಲಿಲ್ಲ. ಅವರ ಮನೆಮಾತು ಮರಾಠಿ. ಅವರ ನಾಟಕಗಳೆಲ್ಲವೂ ಮರಾಠಿಯವು. ಆದರೆ ಆ ನಾಟಕಗಳನ್ನು ಸಾಧ್ಯಗೊಳಿಸಿದ ರಂಗಾನುಭವವು ಒಂದೇ ಭಾಷೆಗೆ ಸೇರಿದ್ದಾಗಿರಲಿಲ್ಲ. ಭಾಷಾವಾರು ಸಾಹಿತ್ಯಚರಿತ್ರೆಯ ಚೌಕಟ್ಟಿನಲ್ಲಿ ಇಂತಹ ಜೀವನಕ್ಕೆ ಸ್ಥಾನವೆಲ್ಲಿ ಎಂಬ ಪ್ರಶ್ನೆ ಕನ್ನಡದ ಅಧ್ಯಾಪಕರನ್ನೂ ಸಂಶೋಧಕರನ್ನೂ ನೇರವಾಗಿ ತಟ್ಟುವಂಥದು.

2. ಹಿನ್ನೆಲೆ: ಕರ್ಕಿಯಿಂದ ಸಾಂಗಲಿಗೆ

ಕಿರ್ಲೋಸ್ಕರರು ಹುಟ್ಟಿದ 1843ನೆಯ ಇಸವಿಯು ಮರಾಠಿ ರಂಗಭೂಮಿಯ ಚರಿತ್ರೆಯಲ್ಲಿ ಇನ್ನೊಂದು ಕಾರಣಕ್ಕೂ ಮುಖ್ಯವಾದುದು. ಅದೇ ವರ್ಷ ನವೆಂಬರ್ 5ರಂದು ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಸೀತಾಸ್ವಯಂವರವನ್ನು ಪ್ರಯೋಗಿಸಿದರು. ಮರಾಠಿಗರು ಇಂದಿಗೂ ಆ ದಿನವನ್ನು ರಂಗಭೂಮಿ ದಿನವೆಂದು ಆಚರಿಸುತ್ತಾರೆ. ಈ ಪ್ರಯೋಗಕ್ಕೆ ಪ್ರೇರಣೆ ದೊರೆತದ್ದು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಬಳಿಯ ಕರ್ಕಿಯ ಭಾಗವತ ಮೇಳದಿಂದ. 1842ರಲ್ಲಿ ಆ ಮೇಳವು ಸಾಂಗಲಿಗೆ ಹೋಗಿ ಯಕ್ಷಗಾನದ ಆಟಗಳನ್ನು ಆಡಿತ್ತು. ಅಲ್ಲಿನ ಸಂಸ್ಥಾನಿಕರಾದ ಚಿಂತಾಮಣರಾವ್ ಪಟವರ್ಧನರು ಆ ಆಟವನ್ನು ನೋಡಿ, ಅದೇ ಬಗೆಯದನ್ನು ಇನ್ನಷ್ಟು ಪರಿಷ್ಕರಿಸಿ ಮರಾಠಿಯಲ್ಲಿ ಆಡಿಸುವಂತೆ ತಮ್ಮ ಆಶ್ರಿತರಾಗಿದ್ದ ಭಾವೆಯವರಿಗೆ ಸೂಚಿಸಿದರು. ಭಾವೆಯವರೇ ತಮ್ಮ ನಾಟ್ಯಕವಿತೆಗಳ ಸಂಗ್ರಹದ ಪೀಠಿಕೆಯಲ್ಲಿ ಈ ಸಂಗತಿಯನ್ನು ದಾಖಲಿಸಿರುವುದರಿಂದ ಇದು ಕನ್ನಡಿಗರ ಅಭಿಮಾನದ ಊಹೆಯಾಗಿ ಉಳಿದಿಲ್ಲ.

ಭಾವೆಯವರ ನಾಟಕಗಳ ಸ್ವರೂಪವನ್ನು ಗಮನಿಸಿದರೆ ಈ ಸಂಬಂಧ ಇನ್ನಷ್ಟು ಸ್ಪಷ್ಟವಾಗುತ್ತದೆ. ಮೊದಲಿಗೆ ಸೂತ್ರಧಾರ ಮತ್ತು ಹಿಮ್ಮೇಳದವರ ಮಂಗಲಗೀತೆ, ಬಳಿಕ ವಿದೂಷಕನ ಪ್ರವೇಶ, ಅನಂತರ ಗಣಪತಿ ಮತ್ತು ನವಿಲನ್ನೇರಿದ ಸರಸ್ವತಿಯರ ಆಗಮನ, ಆಮೇಲೆ ಕಥಾಭಾಗ. ಪದಗಳನ್ನು ಹಾಡುವ ಕೆಲಸ ಸೂತ್ರಧಾರನದು. ಪಾತ್ರಧಾರಿಗಳು ಅದಕ್ಕೆ ತಕ್ಕಂತೆ ಅಭಿನಯಿಸಿ, ಪದದ ಅರ್ಥವನ್ನು ಅನುಸರಿಸಿ ಆಶುವಾಗಿ ಮಾತನಾಡುತ್ತಿದ್ದರು. ರಾಕ್ಷಸ ಪಾತ್ರಗಳು ಅಬ್ಬರದಿಂದ ರಂಗವನ್ನು ಪ್ರವೇಶಿಸುತ್ತಿದ್ದವು. ಭಾಗವತನ ಹಾಡುಗಾರಿಕೆ, ಪಾತ್ರಧಾರಿಯ ಅರ್ಥಗಾರಿಕೆ ಎಂಬ ಯಕ್ಷಗಾನದ ವಿಭಜನೆಯೇ ಇಲ್ಲಿ ಬೇರೆ ಭಾಷೆಯಲ್ಲಿ ಮುಂದುವರಿದಿದೆ. ಭಾವೆಯವರ ಮಂಡಳಿ 1853ರಲ್ಲಿ ಮುಂಬಯಿಯಲ್ಲಿ ಪ್ರಯೋಗಗಳನ್ನು ನಡೆಸಿತು. ಅವರನ್ನು ಅನುಸರಿಸಿ ಹಲವು ಊರುಗಳಲ್ಲಿ ಪೌರಾಣಿಕ ನಾಟಕ ಮಂಡಳಿಗಳು ತಲೆಯೆತ್ತಿದವು. ಅವುಗಳಲ್ಲಿ ಕೆಲವು ದಕ್ಷಿಣಕ್ಕೆ ತಿರುಗಿ ಕನ್ನಡ ಪ್ರದೇಶಗಳಿಗೂ ಬಂದವು. ಕನ್ನಡ ಕರಾವಳಿಯ ಮೇಳದ ರೂಪವೊಂದು ಸಾಂಗಲಿಗೆ ಹೋಗಿ, ಅಲ್ಲಿ ಮರಾಠಿಯ ವೇಷ ತೊಟ್ಟು, ಮತ್ತೆ ಕನ್ನಡದ ಬಯಲುಸೀಮೆಗೆ ಬಂದದ್ದು ಹೀಗೆ. ಕಿರ್ಲೋಸ್ಕರರು ಬೆಳೆದದ್ದು ಈ ಓಡಾಟದ ಹಾದಿಯಲ್ಲಿಯೇ.

3. ಗುರ್ಲಹೊಸೂರು, ಪುಣೆ, ಬೆಳಗಾವಿ

ಅಣ್ಣಾಸಾಹೇಬರು 1843ರ ಮಾರ್ಚ್ 31ರಂದು ಈಗಿನ ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಗೆ ಸೇರಿದ ಗುರ್ಲಹೊಸೂರಿನಲ್ಲಿ ಜನಿಸಿದರು. ಮನೆತನದ ಹೆಸರು ಕೊಂಕಣದ ಕಿರ್ಲೋಸ್ ಎಂಬ ಊರಿನಿಂದ ಬಂದುದು. ಕೊಂಕಣದಿಂದ ಘಟ್ಟದ ಮೇಲೆ ಬಂದು ಕನ್ನಡ ಪ್ರದೇಶದಲ್ಲಿ ನೆಲೆಸಿದ ಅನೇಕ ಮರಾಠಿ ಬ್ರಾಹ್ಮಣ ಕುಟುಂಬಗಳಲ್ಲಿ ಅದೂ ಒಂದು. ಮುಂದೆ ಉದ್ಯಮಿಯಾಗಿ ಪ್ರಸಿದ್ಧರಾದ ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದೂ (1869) ಇದೇ ಊರಿನಲ್ಲಿ. ಮನೆಯೊಳಗೆ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ ಎಂಬುದು ಇಂತಹ ಮನೆತನಗಳ ನಿತ್ಯದ ಸ್ಥಿತಿಯಾಗಿತ್ತು. ಎರಡು ಭಾಷೆಗಳಲ್ಲಿ ಬದುಕುವುದು ಅವರಿಗೆ ಸಾಧನೆಯೆಂದಾಗಲಿ ಸಮಸ್ಯೆಯೆಂದಾಗಲಿ ತೋರುವಂತಿರಲಿಲ್ಲ.

ಸವದತ್ತಿ, ಬೈಲಹೊಂಗಲ, ಗೋಕಾಕ ಸೀಮೆಯು ಆ ಕಾಲದಲ್ಲಿ ಹಾಡು ಮತ್ತು ಆಟಗಳ ದೃಷ್ಟಿಯಿಂದ ಸಮೃದ್ಧವಾಗಿದ್ದ ಪ್ರದೇಶ. ಅಪರಾಳ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತಕ್ಕೆ ರಂಗರೂಪ ಕೊಟ್ಟು ಪ್ರಸಿದ್ಧಿಗೆ ತಂದ ಕುಲಗೋಡ ತಮ್ಮಣ್ಣನು ಗೋಕಾಕ ಸೀಮೆಯವನು. ಸಂಗ್ಯಾ-ಬಾಳ್ಯಾ ಸಣ್ಣಾಟದ ಕಥೆಗೆ ಮೂಲವಾದ ಘಟನೆ ನಡೆದದ್ದು ಬೈಲಹೊಂಗಲದ ಕಡೆ. ಸವದತ್ತಿಯ ಎಲ್ಲಮ್ಮನ ಗುಡ್ಡವು ಎರಡೂ ಭಾಷೆಗಳ ಭಕ್ತರು ಕೂಡುವ ಕ್ಷೇತ್ರ. ಚೌಡಿಕೆಯ ಪದಗಳು ಅಲ್ಲಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಕೇಳಿಬರುತ್ತವೆ. ಇವುಗಳೊಂದಿಗೆ ಹರಿದಾಸರ ಕೀರ್ತನೆಗಳು, ಮಹಾರಾಷ್ಟ್ರದ ಕೀರ್ತನಕಾರರ ಓವಿ-ಅಭಂಗಗಳು, ಲಾವಣಿಗಳು ಒಂದೇ ಊರಿನ ಗುಡಿಗಳಲ್ಲಿ, ಚಾವಡಿಗಳಲ್ಲಿ ಸಲ್ಲುತ್ತಿದ್ದವು. ಪಾರಿಜಾತದಲ್ಲಿ ಪಾತ್ರಧಾರಿಯು ತನ್ನ ಪದವನ್ನು ತಾನೇ ಎತ್ತಿಕೊಂಡು ಹಾಡುತ್ತಾನೆ ಎಂಬ ಅಂಶವನ್ನು ಇಲ್ಲಿಯೇ ಗುರುತಿಸಿಕೊಳ್ಳಬೇಕು. ಮುಂದೆ ಕಿರ್ಲೋಸ್ಕರರ ಹೆಸರಿನೊಂದಿಗೆ ಸೇರಿಹೋದ ಸುಧಾರಣೆಯೂ ಅದೇ ಬಗೆಯದು.

ಹೆಚ್ಚಿನ ವಿದ್ಯಾಭ್ಯಾಸಕ್ಕಾಗಿ ಅಣ್ಣಾಸಾಹೇಬರು ಪುಣೆಗೆ ಹೋದರು. ಅಲ್ಲಿ ಅವರ ಮನಸ್ಸು ಓದಿಗಿಂತ ನಾಟಕ ಮಂಡಳಿಗಳ ಕಡೆಗೆ ಹರಿಯಿತು. ಪೌರಾಣಿಕ ನಾಟಕಗಳ ಮಂಡಳಿಗಳಿಗೆ ಪದಗಳನ್ನು ಕಟ್ಟಿಕೊಡುವ ಕೆಲಸದಿಂದ ಅವರ ರಂಗಜೀವನ ಆರಂಭವಾಯಿತು. ವ್ಯಾಸಂಗವನ್ನು ಪೂರೈಸದೆ ಹಿಂದಿರುಗಿದ ಅವರು 1866ರಲ್ಲಿ ಬೆಳಗಾವಿಯಲ್ಲಿ ಭರತಶಾಸ್ತ್ರೋತ್ತೇಜಕ ಮಂಡಳಿ ಎಂಬ ಸಂಸ್ಥೆಯನ್ನು ಕಟ್ಟಿದರು. ಪೌರಾಣಿಕ ಆಟವನ್ನು ಭರತನ ಶಾಸ್ತ್ರದ ಕಡೆಗೆ, ಎಂದರೆ ಸಂಸ್ಕೃತ ನಾಟಕದ ಆದರ್ಶದ ಕಡೆಗೆ ತಿರುಗಿಸುವ ಹಂಬಲವನ್ನು ಆ ಹೆಸರೇ ಸೂಚಿಸುತ್ತದೆ. ಮಂಡಳಿ ಬಹುಕಾಲ ಬಾಳಲಿಲ್ಲ. ಜೀವನೋಪಾಯಕ್ಕಾಗಿ ಅವರು ಬೆಳಗಾವಿಯಲ್ಲಿ ಶಿಕ್ಷಕರಾದರು. ಬಳಿಕ ಸರಕಾರಿ ನೌಕರಿಗೆ ಸೇರಿದರು. ಶಂಕರಾಚಾರ್ಯರ ಜೀವನವನ್ನು ಆಧರಿಸಿದ ಶಂಕರದಿಗ್ವಿಜಯ (1873) ಈ ಅವಧಿಯ ನಾಟಕ.

ಶಿಕ್ಷಕ ವೃತ್ತಿಯ ದಿನಗಳು ರಂಗಭೂಮಿಗೆ ವ್ಯರ್ಥವಾಗಲಿಲ್ಲ. ಮರಾಠಿಯ ಶ್ರೇಷ್ಠ ನಾಟಕಕಾರರಲ್ಲಿ ಒಬ್ಬರಾದ ಗೋವಿಂದ ಬಲ್ಲಾಳ ದೇವಲರು (1855-1916) ಬೆಳಗಾವಿಯಲ್ಲಿ ಅವರ ಶಿಷ್ಯರಾಗಿದ್ದರು. ಮುಂದೆ ಸಂಗೀತ ಶಾರದಾ (1899) ನಾಟಕದ ಮೂಲಕ ಬಾಲೆಯರನ್ನು ಮುದುಕರಿಗೆ ಮದುವೆ ಮಾಡಿಕೊಡುವ ಪದ್ಧತಿಯನ್ನು ರಂಗದ ಮೇಲೆ ವಿಚಾರಣೆಗೆ ಒಡ್ಡಿದವರು ಇವರೇ. ಮರಾಠಿ ಸಂಗೀತ ನಾಟಕದ ಮೊದಲ ಎರಡು ತಲೆಮಾರುಗಳ ಗುರುಶಿಷ್ಯ ಸಂಬಂಧ ಕುದುರಿದ್ದು ಬೆಳಗಾವಿಯ ಶಾಲೆಯಲ್ಲಿ ಎಂಬುದು ಸಾಂಸ್ಕೃತಿಕ ಭೂಗೋಳದ ದೃಷ್ಟಿಯಿಂದ ಗಮನಾರ್ಹ.

4. ಶಾಕುಂತಲ

ರೆವಿನ್ಯೂ ಕಮಿಷನರರ ಕಚೇರಿಯ ನೌಕರಿಯು ಅಣ್ಣಾಸಾಹೇಬರನ್ನು ಮತ್ತೆ ಪುಣೆಗೆ ಕರೆದೊಯ್ದಿತು. ಅಲ್ಲಿ ಪಾರಸಿ ಕಂಪನಿಯೊಂದು ಆಡಿದ ಇಂದ್ರಸಭಾ ನಾಟಕವನ್ನು ಅವರು ನೋಡಿದರು. ಲಖನೌದ ಅಮಾನತನು ಉರ್ದುವಿನಲ್ಲಿ ರಚಿಸಿದ ಈ ಗೀತನಾಟಕದಲ್ಲಿ ಪಾತ್ರಗಳು ಹಾಡುತ್ತ, ಕುಣಿಯುತ್ತ ಕಥೆಯನ್ನು ನಡೆಸುತ್ತವೆ. ಅದನ್ನು ನೋಡಿದ ಮೇಲೆ ಮರಾಠಿಯಲ್ಲಿಯೂ ಇಂತಹುದೊಂದನ್ನು ಮಾಡಬೇಕೆಂಬ ಛಲ ಅವರಲ್ಲಿ ಮೂಡಿತೆಂದು ಮರಾಠಿ ರಂಗಭೂಮಿಯ ಚರಿತ್ರೆಕಾರರು ಒಮ್ಮತದಿಂದ ಹೇಳುತ್ತಾರೆ. ಇದಕ್ಕಾಗಿ ಅವರು ಆರಿಸಿಕೊಂಡ ವಸ್ತು ಕಾಳಿದಾಸನ ಅಭಿಜ್ಞಾನಶಾಕುಂತಲ. 1880ರ ಅಕ್ಟೋಬರ್ 31ರಂದು ಪುಣೆಯ ಆನಂದೋದ್ಭವ ನಾಟಕಗೃಹದಲ್ಲಿ ಅದರ ಮೊದಲ ನಾಲ್ಕು ಅಂಕಗಳು ಪ್ರಯೋಗಗೊಂಡವು. ಮೊರೋಬಾ ವಾಘೋಲಿಕರ, ಬಾಳಕೋಬಾ ನಾಟೇಕರ, ಶಂಕರರಾವ್ ಮುಜುಂದಾರ ಮೊದಲಾದವರು ಮಂಡಳಿಯ ಆರಂಭದ ನಟರು. ಆಗ ಅಣ್ಣಾಸಾಹೇಬರಿಗೆ ಮೂವತ್ತೇಳು ವರ್ಷ.

ಈ ಪ್ರಯೋಗವು ತಂದ ಮಾರ್ಪಾಡುಗಳನ್ನು ಮೂರು ನೆಲೆಗಳಲ್ಲಿ ಗುರುತಿಸಬಹುದು. ಮೊದಲನೆಯದು, ಸೂತ್ರಧಾರನು ಆದ್ಯಂತವಾಗಿ ರಂಗದ ಮೇಲಿದ್ದು ಎಲ್ಲರ ಪದಗಳನ್ನೂ ತಾನೇ ಹಾಡುವ ಪದ್ಧತಿ ಕೊನೆಗೊಂಡು, ಆಯಾ ಪಾತ್ರವೇ ತನ್ನ ಪದವನ್ನು ಹಾಡತೊಡಗಿತು. ಇದರಿಂದ ಹಾಡು ಕಥೆಯ ವರದಿಯಾಗಿರದೆ ಪಾತ್ರದ ಭಾವವಾಯಿತು. ಎರಡನೆಯದು, ಆಶುಭಾಷಣದ ಬದಲಾಗಿ ಬರೆದು ಸಿದ್ಧಪಡಿಸಿದ ಗದ್ಯ ಸಂಭಾಷಣೆ ಬಂದಿತು. ನಾಟಕವು ಪಠ್ಯವುಳ್ಳ ಕೃತಿಯಾಯಿತು. ಮೂರನೆಯದು ಸಾಮಾಜಿಕವಾದುದು. ಸಂಸ್ಕೃತ ಕಾವ್ಯದ ಗೌರವವು ನಾಟಕಕ್ಕೆ ದಕ್ಕಿದ್ದರಿಂದ, ಅದುವರೆಗೆ ನಾಟಕದವರೆಂದರೆ ಮೂಗುಮುರಿಯುತ್ತಿದ್ದ ವಿದ್ಯಾವಂತ ವರ್ಗವು ಪ್ರೇಕ್ಷಕರಾಗಿ ಮಾತ್ರವಲ್ಲದೆ ನಟರಾಗಿಯೂ ರಂಗಭೂಮಿಯತ್ತ ಬಂದಿತು.

ಸಂಗೀತ ನಾಟಕದಲ್ಲಿ ಕಿರ್ಲೋಸ್ಕರರೇ ಮೊದಲಿಗರೆಂಬ ಮಾತನ್ನು ಕೊಂಚ ಎಚ್ಚರದಿಂದ ಬಳಸಬೇಕಾಗುತ್ತದೆ. ಮುಂಬಯಿಯಲ್ಲಿ ತ್ರಿಲೋಕೇಕರರ ನಳದಮಯಂತಿ ಸಂಗೀತ ನಾಟಕವು 1879ರಲ್ಲಿಯೇ ಪ್ರಯೋಗಗೊಂಡಿತ್ತು. ಅದಕ್ಕೂ ಹಿಂದೆ, 1870ರ ಸುಮಾರಿಗೆ, ಚುರಮುರಿ ಶೇಷಗಿರಿರಾಯರು ಶಾಕುಂತಲವನ್ನು ಹಾಡುಗಳೊಡನೆ ಕನ್ನಡಕ್ಕೆ ತಂದಿದ್ದರು. ಉತ್ತರ ಕರ್ನಾಟಕದ ಆಡುಮಾತನ್ನೂ ಜನಪ್ರಿಯ ಮಟ್ಟುಗಳನ್ನೂ ಒಳಗೊಂಡ ಈ ಅನುವಾದವು ಕಿರ್ಲೋಸ್ಕರರಿಗೆ ಪ್ರೇರಣೆಯಾಗಿರಬೇಕೆಂಬ ವಾದವನ್ನು ಕನ್ನಡದ ಕೆಲವು ವಿದ್ವಾಂಸರು ಮಂಡಿಸಿದ್ದಾರೆ. ಎರಡು ಕೃತಿಗಳ ಕಾಲಾನುಕ್ರಮ, ಪ್ರದೇಶದ ಸಾಮೀಪ್ಯ, ಕಿರ್ಲೋಸ್ಕರರ ದ್ವಿಭಾಷಿಕತೆಗಳು ಈ ವಾದಕ್ಕೆ ಪೂರಕವಾಗಿವೆ. ಆದರೆ ಪ್ರೇರಣೆಯನ್ನು ಒಂದೇ ಮೂಲಕ್ಕೆ ಕಟ್ಟಿಹಾಕುವುದರಿಂದ ಆಗುವ ಲಾಭ ಕಡಿಮೆ. ಪಾರಸಿ ರಂಗಭೂಮಿ, ಸಂಸ್ಕೃತ ನಾಟಕ, ಸಾಂಗಲಿಯ ಪೌರಾಣಿಕ ನಾಟಕ, ಕನ್ನಡದ ಹಾಡುಗಬ್ಬ ಇವು ನಾಲ್ಕೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿದ್ದು ಹೇಗೆ ಎಂಬುದೇ ಹೆಚ್ಚು ಫಲಕಾರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಅವರ ಬದುಕಿನ ಊರುಗಳಲ್ಲಿದೆ.

5. ಸೌಭದ್ರ ಮತ್ತು ಕನ್ನಡದ ಮಟ್ಟುಗಳು

ಶಾಕುಂತಲದ ಯಶಸ್ಸಿನ ಬಳಿಕ 1882ರ ನವೆಂಬರ್ 18ರಂದು ಪುಣೆಯ ಪೂರ್ಣಾನಂದ ನಾಟಕಗೃಹದಲ್ಲಿ ಸೌಭದ್ರದ ಪ್ರಯೋಗವಾಯಿತು. ಇದು ಅನುವಾದವಲ್ಲ, ಸ್ವತಂತ್ರ ಕೃತಿ. ಸುಭದ್ರೆಯನ್ನು ದುರ್ಯೋಧನನಿಗೆ ಕೊಡಬೇಕೆಂಬುದು ಬಲರಾಮನ ಹಟ. ಅರ್ಜುನನಿಗೆ ಕೊಡಬೇಕೆಂಬುದು ಕೃಷ್ಣನ ಒಳಸಂಚು. ಅರ್ಜುನನು ಸಂನ್ಯಾಸಿಯ ವೇಷದಲ್ಲಿ ದ್ವಾರಕೆಗೆ ಬಂದು ನೆಲೆಸುತ್ತಾನೆ. ಕಥೆ ಭಾರತದ್ದಾದರೂ ರಂಗದ ಮೇಲೆ ಕಾಣುವುದು ಅಂದಿನ ಒಂದು ತುಂಬು ಕುಟುಂಬದ ಮದುವೆಯ ಗೊಂದಲ. ಅಣ್ಣಂದಿರಿಬ್ಬರ ಭಿನ್ನಾಭಿಪ್ರಾಯ, ತನ್ನ ಮಾತು ನಡೆಯದ ಮನೆಮಗಳ ಸಂಕಟ, ಕಪಟ ಸಂನ್ಯಾಸಿಗೆ ಹಿರಿಯರು ಸಲ್ಲಿಸುವ ಭಕ್ತಿ ಇವುಗಳನ್ನು ಪ್ರೇಕ್ಷಕರು ತಮ್ಮ ಮನೆಯ ಸಂಗತಿಗಳೆಂಬಂತೆ ಗುರುತಿಸಿದರು. ಕೃಷ್ಣನನ್ನು ಸಂಸಾರದ ಜಾಣನನ್ನಾಗಿಸುವ ಈ ರೀತಿ ಶ್ರೀಕೃಷ್ಣ ಪಾರಿಜಾತವನ್ನು ಕಂಡ ಕನ್ನಡಿಗನಿಗೆ ಅಪರಿಚಿತವೆನಿಸುವುದಿಲ್ಲ. ಸತ್ಯಭಾಮೆ-ರುಕ್ಮಿಣಿಯರ ಕಲಹವನ್ನು ಹಳ್ಳಿಯ ಸವತಿಯರ ಜಗಳದ ಮಟ್ಟಕ್ಕೆ ಇಳಿಸಿ ನಗಿಸುವ ಪಾರಿಜಾತದ ಧೋರಣೆಗೂ ಸೌಭದ್ರದ ಧೋರಣೆಗೂ ನಡುವಿನ ದೂರ ಹೆಚ್ಚಿನದಲ್ಲ.

ಇದೇ ವರ್ಷ ಮಂಡಳಿಗೆ ಬಂದ ಭಾವೂರಾವ್ ಕೋಲ್ಹಟಕರರು (1863-1901) ತಮ್ಮ ಕಂಠಮಾಧುರ್ಯದಿಂದ ಶಕುಂತಲೆ, ಸುಭದ್ರೆಯರ ಪಾತ್ರಗಳಿಗೆ ಅಪಾರ ಜನಪ್ರಿಯತೆಯನ್ನು ತಂದರು. ಗಾಯಕನಟನೇ ನಾಟಕದ ಕೇಂದ್ರವಾಗುವ ಪದ್ಧತಿಗೆ ಇಲ್ಲಿಂದ ನೆಲೆ ದೊರೆಯಿತು.

ಸಂಗೀತದ ವಿಷಯ ಪ್ರತ್ಯೇಕವಾದ ಪರಿಶೀಲನೆಗೆ ಅರ್ಹವಾದುದು. ಕಿರ್ಲೋಸ್ಕರರ ನಾಟಕಗಳಲ್ಲಿ ಸಾಕಿ, ದಿಂಡಿ, ಅಂಜನೀಗೀತ, ಕಾಮದಾ, ಓವಿ, ಲಾವಣಿ ಮುಂತಾದ ಬಂಧಗಳು ಹೇರಳವಾಗಿವೆ. ಮರಾಠಿ ಸಂಗೀತ ನಾಟಕಗಳ ಮುದ್ರಿತ ಪ್ರತಿಗಳಲ್ಲಿ ಪದದ ಮೇಲುಗಡೆ ಅದರ ಚಾಲು, ಎಂದರೆ ಧಾಟಿಯನ್ನು ಸೂಚಿಸುವ ರೂಢಿಯಿದೆ. ಪ್ರೇಕ್ಷಕರಿಗೆ ಮೊದಲೇ ಪರಿಚಿತವಾದ ಹಾಡೊಂದರ ಹೆಸರನ್ನು ಕೊಟ್ಟರೆ ನಟನಿಗೆ ಮಟ್ಟು ತಿಳಿಯುತ್ತಿತ್ತು. ಕಿರ್ಲೋಸ್ಕರರ ಪದಗಳಲ್ಲಿ ಕನ್ನಡ ಹಾಡುಗಳ ಧಾಟಿಗಳೂ ಸೇರಿಕೊಂಡಿರುವುದನ್ನು ಮರಾಠಿ ಸಂಗೀತಜ್ಞರು ಮೊದಲಿನಿಂದಲೂ ಒಪ್ಪಿಕೊಂಡಿದ್ದಾರೆ. ಮರಾಠಿಯವರು ಇಂದಿಗೂ ಎದೆಗೆ ಹಚ್ಚಿಕೊಂಡು ಹಾಡುವ ನಾಟ್ಯಪದಗಳಲ್ಲಿ ಕೆಲವು ಕನ್ನಡ ನಾಡಿನ ಗುಡಿ, ಚಾವಡಿಗಳಲ್ಲಿ ಕೇಳಿಸಿಕೊಂಡ ಮಟ್ಟುಗಳಿಂದ ಕಟ್ಟಿದಂಥವು. ಮೂಲ ಹಾಡುಗಳಲ್ಲಿ ಅನೇಕವು ಕನ್ನಡಿಗರ ನಾಲಗೆಯಿಂದ ಮರೆಯಾಗಿದ್ದು, ಅವುಗಳ ಮಟ್ಟು ಮರಾಠಿಯಲ್ಲಿ ಮಾತ್ರ ಉಳಿದಿರುವ ಸಂಭವವೂ ಇದೆ. ಹಾಗಿದ್ದ ಪಕ್ಷದಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರ ಕರ್ನಾಟಕದ ಸಂಗೀತವನ್ನು ಪುನಾರಚಿಸಬಯಸುವ ಸಂಶೋಧಕನಿಗೆ ಸೌಭದ್ರದ ಹಳೆಯ ಪ್ರತಿಯು ಕನ್ನಡದ ಆಕರವೂ ಆಗುತ್ತದೆ.

6. ಕೊನೆಯ ದಿನಗಳು

ಅಣ್ಣಾಸಾಹೇಬರ ಮೂರನೆಯ ಸಂಗೀತ ನಾಟಕವಾದ ರಾಮರಾಜ್ಯವಿಯೋಗವು 1884ರಲ್ಲಿ ರಂಗವನ್ನೇರಿತು. ರಾಮನ ಪಟ್ಟಾಭಿಷೇಕ ತಪ್ಪಿದ ಪ್ರಸಂಗವನ್ನು ಆಧರಿಸಿದ ಈ ಕೃತಿಯ ಮೂರು ಅಂಕಗಳು ಮಾತ್ರ ಸಿದ್ಧವಾಗಿದ್ದವು. ಅದು ಅಪೂರ್ಣವಾಗಿಯೇ ಉಳಿಯಿತು. ಆರೋಗ್ಯ ಕೆಟ್ಟ ಅವರು ತಮ್ಮ ಹುಟ್ಟೂರಿಗೆ ಮರಳಿದರು. 1885ರ ನವೆಂಬರ್ 2ರಂದು ಗುರ್ಲಹೊಸೂರಿನಲ್ಲಿ ನಿಧನರಾದರು. ಶಾಕುಂತಲದ ಮೊದಲ ಪ್ರಯೋಗದಿಂದ ಅಲ್ಲಿಗೆ ಐದು ವರ್ಷ, ಎರಡು ದಿನ. ನಾಲ್ವತ್ತೆರಡು ವರ್ಷಗಳ ಬದುಕಿನಲ್ಲಿ ಅವರಿಗೆ ಕೀರ್ತಿಯನ್ನು ತಂದುಕೊಟ್ಟ ಕೆಲಸವೆಲ್ಲವೂ ಈ ಐದು ವರ್ಷಗಳಲ್ಲಿ ಅಡಕವಾಗಿದೆ. ಅದಕ್ಕೆ ಹಿಂದಿನ ಮೂವತ್ತೇಳು ವರ್ಷಗಳು ಸಿದ್ಧತೆಯ ಕಾಲ. ಆ ಸಿದ್ಧತೆಯ ಬಹುಭಾಗ ನಡೆದದ್ದು ಗುರ್ಲಹೊಸೂರು, ಬೆಳಗಾವಿಗಳಲ್ಲಿ.

ಸಂಸ್ಥಾಪಕರ ಬಳಿಕವೂ ಕಿರ್ಲೋಸ್ಕರ ನಾಟಕ ಮಂಡಳಿ ಹಲವು ದಶಕಗಳ ಕಾಲ ಬಾಳಿತು. 1905ರಲ್ಲಿ ಬಾಲಗಂಧರ್ವರು (1888-1967) ಅದನ್ನು ಸೇರಿದರು. 1913ರಲ್ಲಿ ಹೊರಬಂದು ಗಂಧರ್ವ ನಾಟಕ ಮಂಡಳಿಯನ್ನು ಕಟ್ಟಿದರು. ಬಾಲ್ಯದಲ್ಲಿ ಕಿರ್ಲೋಸ್ಕರ ಮಂಡಳಿಯಲ್ಲಿದ್ದ ಭಾಸ್ಕರಬುವಾ ಬಖಲೆಯವರು (1869-1922) ಮುಂದೆ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಶಿಕ್ಷಕರಾಗಿ ಕೆಲಸಮಾಡಿ, ಈ ಭಾಗದಲ್ಲಿ ಹಿಂದುಸ್ತಾನಿ ಸಂಗೀತದ ಅಭಿರುಚಿಯನ್ನು ಬೆಳೆಸಿದರು. ಬಾಲಗಂಧರ್ವರಿಗೆ ಸಂಗೀತ ಗುರುಗಳಾದವರೂ ಇವರೇ.

7. ಮರಳಿ ಕನ್ನಡಕ್ಕೆ

ಕಿರ್ಲೋಸ್ಕರರ ಜೀವಿತಕಾಲದಲ್ಲಿಯೇ ಕನ್ನಡ ರಂಗಭೂಮಿ ಎರಡು ಕೇಂದ್ರಗಳಲ್ಲಿ ರೂಪುಗೊಳ್ಳುತ್ತಿತ್ತು. ಗದಗಿನಲ್ಲಿ ಶಿಕ್ಷಕರಾಗಿದ್ದ ಶಾಂತಕವಿಗಳು, ಎಂದರೆ ಸಕ್ಕರಿ ಬಾಳಾಚಾರ್ಯರು (1856-1920), 1870ರ ದಶಕದಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ ಉಷಾಹರಣ ಮೊದಲಾದ ನಾಟಕಗಳನ್ನು ಆಡಿಸಿದರು. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ 1880ರ ದಶಕದ ಆರಂಭದಲ್ಲಿ ಸ್ಥಾಪಿತವಾಯಿತು. ಬಸವಪ್ಪಶಾಸ್ತ್ರಿಗಳು ಅದಕ್ಕಾಗಿ ಶಾಕುಂತಲವನ್ನು ಕನ್ನಡಿಸಿದರು. ಅಭಿನವ ಕಾಳಿದಾಸರೆಂದು ಹೆಸರಾದ ಶಾಸ್ತ್ರಿಗಳೂ ಕಿರ್ಲೋಸ್ಕರರೂ ಒಂದೇ ವರ್ಷ, 1843ರಲ್ಲಿ, ಹುಟ್ಟಿದವರು. ಸಾಂಗಲಿಯ ಕಡೆಯ ಮರಾಠಿ ಮಂಡಳಿ ಮೈಸೂರಿಗೆ ಬಂದು ನಾಟಕವಾಡಿದ್ದು ಅರಮನೆಯ ಈ ಉದ್ಯಮಕ್ಕೆ ಒಂದು ಪ್ರೇರಣೆಯಾಗಿತ್ತೆಂಬುದು ಪ್ರಸಿದ್ಧ ಸಂಗತಿ.

ಶಾಂತಕವಿಗಳ ಪ್ರತಿಭಟನೆಯು ಭಾಷೆಗೆ ಸಂಬಂಧಿಸಿದುದಾಗಿತ್ತೇ ಹೊರತು ರಂಗರೂಪಕ್ಕೆ ಸಂಬಂಧಿಸಿದುದಾಗಿರಲಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಕನ್ನಡಿಗನು ತನ್ನ ನೆಲದಲ್ಲಿ ಪರಭಾಷೆಯ ನಾಟಕಕ್ಕೆ ಹಣ ತೆತ್ತು ತನ್ನ ನುಡಿಯನ್ನು ಕಡೆಗಣಿಸುವುದು ಅವರಿಗೆ ಅಸಹ್ಯವಾಗಿತ್ತು. ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯು ಶಾಲೆ, ಕಚೇರಿ, ಪ್ರತಿಷ್ಠೆಗಳ ಭಾಷೆಯಾಗಿದ್ದ ಕಾಲದಲ್ಲಿ ಈ ಸಿಟ್ಟು ನ್ಯಾಯವಾದುದೇ. ಎರಡು ಭಾಷೆಗಳ ನಡುವಿನ ಕೊಡುಕೊಳೆಯನ್ನು ಹೇಳುವಾಗ ಈ ಅಸಮಾನತೆಯನ್ನು ಮರೆಮಾಚಿದರೆ ಅದು ಇತಿಹಾಸವಾಗುವುದಿಲ್ಲ. ಆದರೆ ಅವರ ಅನಂತರದ ಕನ್ನಡ ಮಂಡಳಿಗಳು ಕಿರ್ಲೋಸ್ಕರರ ಮಾದರಿಯನ್ನು ಹಿಂಜರಿಕೆಯಿಲ್ಲದೆ ಸ್ವೀಕರಿಸಿದವು. ಕನ್ನಡ ಕಂಪನಿ ನಾಟಕಗಳ ಹಸ್ತಪ್ರತಿಗಳಲ್ಲಿ ಕಂದ, ವೃತ್ತಗಳ ಪಕ್ಕದಲ್ಲಿಯೇ ಸಾಕಿ, ದಿಂಡಿಗಳು ಕಾಣಿಸಿಕೊಳ್ಳುವುದು ಇದಕ್ಕೆ ಸಾಕ್ಷಿ. ಶಿರಹಟ್ಟಿ ವೆಂಕೋಬರಾಯರು, ಗರುಡ ಸದಾಶಿವರಾಯರು, ವಾಮನರಾವ್ ಮಾಸ್ತರರು ಕಟ್ಟಿದ ಮಂಡಳಿಗಳು ಗಾಯನಪ್ರಧಾನವಾದ ಈ ಪರಂಪರೆಯನ್ನು ಕನ್ನಡದ್ದನ್ನಾಗಿಸಿಕೊಂಡವು.

ಕಲಾವಿದರ ಓಡಾಟವೂ ಎರಡೂ ದಿಕ್ಕಿನಲ್ಲಿತ್ತು. ಕುಂದಗೋಳದ ರಾಮಭಾವೂ ಸೌಂಶಿಯವರು (1886-1952) ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀಪಾತ್ರಗಳನ್ನು ವಹಿಸಿ ಸವಾಯಿ ಗಂಧರ್ವರೆನಿಸಿದರು. ಅವರಿಂದ ಕಲಿತ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಎರಡೂ ನಾಡುಗಳ ಸ್ವತ್ತಾದರು. ಮಲ್ಲಿಕಾರ್ಜುನ ಮನಸೂರರು ಬಾಲನಟರಾಗಿ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಬೆಳೆದವರು. ಬೀಳಗಿಯ ಗೋಹರಬಾಯಿ ಕರ್ನಾಟಕಿಯವರು ಬಾಲಗಂಧರ್ವರ ಮಂಡಳಿಯಲ್ಲಿ ನಾಯಕಿಯಾಗಿ ಹಾಡಿದರು. ಅವರ ಸೋದರಿ ಅಮೀರಬಾಯಿ ಚಲನಚಿತ್ರ ಸಂಗೀತದಲ್ಲಿ ಹೆಸರಾದರು. ಧಾರವಾಡ ಪ್ರದೇಶವು ಹಿಂದುಸ್ತಾನಿ ಸಂಗೀತದ ನೆಲೆಯಾದದ್ದಕ್ಕೆ ಕಾರಣಗಳನ್ನು ಹುಡುಕುವಾಗ ನಾವು ಘರಾಣೆಗಳ ಕಡೆಗೆ ನೋಡುತ್ತೇವೆ. ರಾಗವನ್ನು ಟಿಕೇಟು ಕೊಂಡು ಬಂದ ಸಾಮಾನ್ಯ ಪ್ರೇಕ್ಷಕನ ಕಿವಿಗೆ ಮುಟ್ಟಿಸಿದ ಸಂಗೀತ ನಾಟಕದ ಪಾಲೂ ಅದರಲ್ಲಿ ಕಡಿಮೆಯದಲ್ಲ.

8. ಬೇವೂರಿನ ಸೀಮೆಯಿಂದ ಕಾಣುವ ಚಿತ್ರ

ಈ ಪರಂಪರೆಯು ಪುಣೆ, ಸಾಂಗಲಿ, ಬೆಳಗಾವಿ, ಗದಗಗಳಂತಹ ಪಟ್ಟಣಗಳಲ್ಲಿಯೇ ನಿಂತುಹೋಯಿತೆಂದು ಭಾವಿಸಬೇಕಾಗಿಲ್ಲ. ಯಲಬುರ್ಗಾ ತಾಲೂಕಿನ ಬೇವೂರು, ಕೊಪ್ಪಳ, ಕುಷ್ಟಗಿ, ಗಂಗಾವತಿಗಳ ಸೀಮೆ 1948ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಪಕ್ಕದ ಗದಗ, ರೋಣಗಳು ಮುಂಬಯಿ ಪ್ರಾಂತ್ಯದವು. ಹೊಸಪೇಟೆ, ಬಳ್ಳಾರಿಗಳು ಮದರಾಸು ಪ್ರಾಂತ್ಯದವು. ಮೂರು ಆಡಳಿತಗಳು ಸಂಧಿಸುವ ಈ ಭಾಗದಲ್ಲಿ ಉರ್ದು, ಮರಾಠಿ, ತೆಲುಗುಗಳ ಛಾಯೆ ಕನ್ನಡದ ಆಟಗಳ ಮೇಲೆ ಬೀಳುವುದು ಸಹಜ. ಇಲ್ಲಿನ ಹಳ್ಳಿಗಳಲ್ಲಿ ಜಾತ್ರೆ, ಉಗಾದಿಗಳ ಸಂದರ್ಭದಲ್ಲಿ ಒಂದು ಕಡೆ ದೊಡ್ಡಾಟ, ಮತ್ತೊಂದು ಕಡೆ ಕಂಪನಿ ಶೈಲಿಯ ನಾಟಕ ನಡೆದುಬಂದಿವೆ. ದೊಡ್ಡಾಟದಲ್ಲಿ ಸಾರಥಿಯೂ ಹಿಮ್ಮೇಳವೂ ಉಳಿದುಕೊಂಡಿದ್ದರೆ, ಹಾರ್ಮೋನಿಯಂ ಮಾಸ್ತರನು ಕಲಿಸಿದ ನಾಟಕದಲ್ಲಿ ಪಾತ್ರಧಾರಿಯು ತನ್ನ ಪದವನ್ನು ತಾನೇ ಹಾಡುತ್ತಾನೆ. ಭಾವೆಯವರಿಂದ ಕಿರ್ಲೋಸ್ಕರರವರೆಗೆ ನಾಲ್ಕು ದಶಕಗಳಲ್ಲಿ ನಡೆದ ರೂಪಾಂತರದ ಎರಡು ತುದಿಗಳೂ ಒಂದೇ ಊರಿನ ಎರಡು ಕಟ್ಟೆಗಳ ಮೇಲೆ ಏಕಕಾಲಕ್ಕೆ ಕಾಣಸಿಗುತ್ತವೆ. ಬಾದಾಮಿ ಬನಶಂಕರಿಯ ಜಾತ್ರೆಯಲ್ಲಿ ಇಂದಿಗೂ ಬೀಡುಬಿಡುವ ಕಂಪನಿಗಳು ಆ ಪರಂಪರೆಯ ಜೀವಂತ ಕೊಂಡಿಗಳು.

ಆದ್ದರಿಂದ ಈ ಸೀಮೆಯಲ್ಲಿ ಕ್ಷೇತ್ರಕಾರ್ಯ ಕೈಗೊಳ್ಳುವ ಸಂಶೋಧಕರು ನಾಟಕದ ಹಸ್ತಪ್ರತಿಗಳಲ್ಲಿ ಕಥಾವಸ್ತುವನ್ನಷ್ಟೇ ಅಲ್ಲದೆ ಧಾಟಿಯ ಸೂಚನೆಗಳನ್ನೂ ದಾಖಲಿಸುವುದು ಅವಶ್ಯ. ಯಾವ ಪದಕ್ಕೆ ಯಾವ ಮಟ್ಟು, ಅದನ್ನು ಮಾಸ್ತರರು ಯಾರಿಂದ ಕಲಿತರು, ಆ ಮಟ್ಟಿಗೆ ಮರಾಠಿಯಲ್ಲಿ ಸಂವಾದಿಯಾದ ಪದವಿದೆಯೇ ಎಂಬುದನ್ನು ಗುರುತಿಸಿದರೆ ಸಂಗೀತದ ಓಡಾಟದ ನಕಾಶೆಯೊಂದು ದೊರೆಯುತ್ತದೆ. ಹಳೆಯ ಮಾಸ್ತರರು ಒಬ್ಬೊಬ್ಬರಾಗಿ ಮರೆಯಾಗುತ್ತಿರುವುದರಿಂದ ಈ ಕೆಲಸಕ್ಕೆ ಉಳಿದಿರುವ ಕಾಲ ಕಡಿಮೆ.

9. ಸಮಾರೋಪ

ರಾಜಕೀಯ ಗಡಿಗಳ ಆಚೀಚೆ ಹರಡಿಕೊಂಡ ರಂಗಪರಂಪರೆಯನ್ನು ನೆರೆಹೊರೆಯವರು ಜಂಟಿಯಾಗಿ ತಮ್ಮದೆಂದು ಘೋಷಿಸಿಕೊಂಡ ಉದಾಹರಣೆ ಬೇರೆಡೆ ಇದೆ. ದಕ್ಷಿಣ ಚೀನಾದ ಕ್ಯಾಂಟನೀಸ್ ಗೀತನಾಟಕವು ಗ್ವಾಂಗ್‌ಡಾಂಗ್ ಪ್ರಾಂತ, ಹಾಂಗ್‌ಕಾಂಗ್, ಮಕಾವುಗಳಲ್ಲಿ ಬೇರೆಬೇರೆ ಆಡಳಿತಗಳ ಅಡಿಯಲ್ಲಿ ಬೆಳೆದುಬಂದುದು. ಆ ಮೂರು ಕಡೆಯವರೂ ಸೇರಿ ಸಲ್ಲಿಸಿದ ಪ್ರಸ್ತಾವದ ಮೇರೆಗೆ 2009ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಭಾಷೆ ಒಂದು, ಆಡಳಿತ ಹಲವು. ನಮ್ಮಲ್ಲಿ ರಂಗರೂಪ ಒಂದು, ಭಾಷೆ ಎರಡು. ಆದುದರಿಂದ ನಮ್ಮ ಸಮಸ್ಯೆ ಇನ್ನಷ್ಟು ಜಟಿಲ. 1956ರ ಭಾಷಾವಾರು ಪ್ರಾಂತರಚನೆಯಿಂದ ಕನ್ನಡಕ್ಕೆ ದೊರೆತ ಆಶ್ರಯ ಎಷ್ಟು ಅಮೂಲ್ಯವೋ, ಅದು ಹಾಕಿಕೊಟ್ಟ ಗೆರೆಯನ್ನು ಹತ್ತೊಂಬತ್ತನೆಯ ಶತಮಾನದ ಮೇಲೆ ಎಳೆಯುವುದು ಅಷ್ಟೇ ಅನುಚಿತ.

ಅಣ್ಣಾಸಾಹೇಬ ಕಿರ್ಲೋಸ್ಕರರನ್ನು ಕನ್ನಡ ಸಾಹಿತ್ಯಚರಿತ್ರೆಯ ಲೇಖಕರ ಪಟ್ಟಿಗೆ ಸೇರಿಸುವುದು ಸಾಧ್ಯವಿಲ್ಲ, ಸಾಧುವೂ ಅಲ್ಲ. ಆದರೆ ಕರ್ನಾಟಕದ ರಂಗಭೂಮಿಯ ಚರಿತ್ರೆಯಿಂದ ಅವರನ್ನು ಹೊರಗಿಟ್ಟರೆ ಪಾರಿಜಾತದಿಂದ ಕಂಪನಿ ನಾಟಕದವರೆಗಿನ ದಾರಿಯಲ್ಲಿ ಒಂದು ಮುಖ್ಯ ಕೊಂಡಿ ಕಳಚಿಹೋಗುತ್ತದೆ. ಭಾಷೆಯ ಚರಿತ್ರೆ ಬೇರೆ, ಪ್ರದೇಶದ ಚರಿತ್ರೆ ಬೇರೆ ಎಂಬ ವಿವೇಕವನ್ನು ಕಾಯ್ದುಕೊಂಡಲ್ಲಿ ಶಾಂತಕವಿಗಳ ಸಿಟ್ಟಿಗೂ ಕಿರ್ಲೋಸ್ಕರರ ಸಾಧನೆಗೂ ಒಂದೇ ಅಧ್ಯಾಯದಲ್ಲಿ ಎಡೆಮಾಡಿಕೊಡುವುದು ಕಷ್ಟವಾಗಲಾರದು. ನಮ್ಮ ಸ್ನಾತಕೋತ್ತರ ಪಠ್ಯಗಳಲ್ಲಿ ಕನ್ನಡ ರಂಗಭೂಮಿಯ ಪತ್ರಿಕೆಯನ್ನು ಬೋಧಿಸುವವರು ಕರ್ಕಿ, ಸಾಂಗಲಿ, ಗುರ್ಲಹೊಸೂರು, ಪುಣೆ, ಗದಗ ಈ ಐದು ಊರುಗಳನ್ನು ಒಂದೇ ನಕಾಶೆಯಲ್ಲಿ ಗುರುತಿಸಿ ತೋರಿಸುವುದರಿಂದ ಈ ಕೆಲಸವನ್ನು ಆರಂಭಿಸಬಹುದಾಗಿದೆ.